ತಂಪೆರೆಯುವ ಸೀಮೆಎಣ್ಣೆ

2016ರ ಆಗಸ್ಟ್ 28ರ ಭಾನುವಾರ, ಬೆಳಗಿನ ಆರು ಗಂಟೆಗೆ ಶ್ರೀಹರಿಕೋಟಾದಿಂದ ಒಂದು ಪುಟ್ಟ ರಾಕೆಟ್ ಹೊರಟಿತು. ತೂಕ 3,277 ಕಿಲೋ. ಮುನ್ನೂರು ಟನ್ ತೂಗುವ ಪಿಎಸ್‌ಎಲ್‌ವಿಗಳನ್ನು ಹಾರಿಸಿ ಅಭ್ಯಾಸವಾದ ಜಾಗದಲ್ಲಿ ಇದು ಲೆಕ್ಕಕ್ಕೇ ಇಲ್ಲದ ಸಾಮಾನು. ಉಪಗ್ರಹ ಹೊತ್ತಿರಲಿಲ್ಲ, ಕಕ್ಷೆ ಸೇರುವ ಇರಾದೆಯೂ ಇರಲಿಲ್ಲ. ಅದರ ಎರಡನೇ ಹಂತದ ಮೈಗೆ ಎರಡು ಸ್ಕ್ರ್ಯಾಮ್‌ಜೆಟ್ ಎಂಜಿನ್‌ಗಳನ್ನು ಅಂಟಿಸಿದ್ದರು. ಶಬ್ದದ ಆರು ಪಟ್ಟು ವೇಗ ಬಂದಾಗ ಅವು ಹೊತ್ತಿಕೊಂಡವು, ಐದು ಸೆಕೆಂಡು ಉರಿದವು. ಹೊರಟು ಐದು ನಿಮಿಷಕ್ಕೆ ರಾಕೆಟ್ಟು 320 ಕಿಲೋಮೀಟರ್ ಆಚೆ ಬಂಗಾಳ ಕೊಲ್ಲಿಯಲ್ಲಿ ಬಿತ್ತು. ಇಸ್ರೊ ಅಧ್ಯಕ್ಷರಾಗಿದ್ದವರು ಆಗ ನಮ್ಮ ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್. ಹಾರಾಟದಲ್ಲಿ ಸ್ಕ್ರ್ಯಾಮ್‌ಜೆಟ್ ಉರಿಸಿ ತೋರಿಸಿದ ನಾಲ್ಕನೇ ದೇಶ ಭಾರತ ಎಂದು ಸುದ್ದಿಯಾಯಿತು.

ಸುದ್ದಿಯಲ್ಲಿ ಎಲ್ಲರ ಕಣ್ಣು ಆ ‘ಆರು ಪಟ್ಟಿ’ನ ಮೇಲೆ. ನನಗೆ ಮುಖ್ಯವಾಗಿ ಕಂಡದ್ದು ಐದು ಸೆಕೆಂಡು. ಅಷ್ಟು ಕಷ್ಟಪಟ್ಟು ಹೊತ್ತಿಸಿದ ಎಂಜಿನ್ನು ಐದೇ ಸೆಕೆಂಡು ಉರಿದರೆ ಯಾರಿಗೆ ಏನು ಉಪಯೋಗ? ಐವತ್ತು ಸೆಕೆಂಡು ಯಾಕಿಲ್ಲ, ಐನೂರು ಯಾಕಿಲ್ಲ? ಈ ವಿದ್ಯೆಯಲ್ಲಿ ಯಾವ ದೇಶ ಎಷ್ಟು ಮುಂದಿದೆ ಎಂದು ತಿಳಿಯಬೇಕಿದ್ದರೆ ವೇಗ ಕೇಳುವುದಕ್ಕಿಂತ ಸೆಕೆಂಡು ಕೇಳುವುದು ಒಳ್ಳೆಯದು. ವೇಗವನ್ನು ಹಿಂದಿನ ರಾಕೆಟ್ಟು ಕೊಟ್ಟುಬಿಡುತ್ತದೆ. ಸೆಕೆಂಡುಗಳನ್ನು ಎಂಜಿನ್ನೇ ಸಂಪಾದಿಸಬೇಕು, ಅವನ್ನು ಸಂಪಾದಿಸಿಕೊಡುವುದು ತಂಪು.

ಸ್ಕ್ರ್ಯಾಮ್‌ಜೆಟ್ ನೋಡಲು ಬಹಳ ಸರಳ. ತಿರುಗುವ ಚಕ್ರವಿಲ್ಲ, ಗಾಳಿ ಒತ್ತುವ ರೆಕ್ಕೆಗಳ ಸಾಲಿಲ್ಲ. ಎರಡೂ ಕಡೆ ಬಾಯಿ ತೆರೆದ, ನಡುವೆ ಇಕ್ಕಟ್ಟಾದ ಒಂದು ಕೊಳವೆ, ಅಷ್ಟೇ. ವಿಮಾನ ಧಾವಿಸುವ ರಭಸಕ್ಕೆ ಮುಂದಿನ ಬಾಯಿಯಿಂದ ಗಾಳಿ ನುಗ್ಗಿ ತಾನಾಗಿಯೇ ಒತ್ತಿಕೊಳ್ಳುತ್ತದೆ. ಅದಕ್ಕೆ ಇಂಧನ ಚಿಮ್ಮಿ ಉರಿಸಿದರೆ ಬಿಸಿ ಅನಿಲ ಹಿಂದಿನ ಬಾಯಿಯಿಂದ ಇನ್ನೂ ಜೋರಾಗಿ ಹೊರಗೆ ನುಗ್ಗುತ್ತದೆ. ರಾಕೆಟ್ಟಿನ ಹಾಗೆ ಆಮ್ಲಜನಕವನ್ನು ಹೊತ್ತೊಯ್ಯುವ ಹೊರೆ ಇಲ್ಲ. ಕಷ್ಟವೆಂದರೆ ಒಳಗೆ ಹರಿಯುವ ಗಾಳಿ ಶಬ್ದಕ್ಕಿಂತ ವೇಗವಾಗಿಯೇ ಇರುತ್ತದೆ. ಸೆಕೆಂಡಿಗೆ ಒಂದೂವರೆ ಕಿಲೋಮೀಟರ್ ವೇಗದ ಗಾಳಿ ಒಂದು ಮೀಟರ್ ಉದ್ದದ ದಹನಕೋಣೆಯನ್ನು ದಾಟಲು ಒಂದು ಮಿಲಿಸೆಕೆಂಡೂ ಬೇಡ. ಅಷ್ಟರೊಳಗೆ ಇಂಧನ ಬೆರೆಯಬೇಕು, ಹೊತ್ತಬೇಕು, ಉರಿದು ಮುಗಿಯಬೇಕು.

ಇನ್ನು ಬಿಸಿಯ ಲೆಕ್ಕ. ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಸೊನ್ನೆಗಿಂತ 45 ಡಿಗ್ರಿಗೂ ಕೆಳಗೆ ತಣ್ಣಗಿರುತ್ತದೆ. ಆದರೆ ಓಡುವ ವಿಮಾನಕ್ಕೆ ಎದುರಾದ ಗಾಳಿ ಅದರ ಮೂತಿಗೆ ಬಡಿದು ನಿಂತಾಗ, ಆ ಚಲನೆಯ ಶಕ್ತಿಯೆಲ್ಲ ಬಿಸಿಯಾಗಿ ಬದಲಾಗುತ್ತದೆ. ವೇಗ ಎರಡರಷ್ಟಾದರೆ ಈ ಬಿಸಿ ನಾಲ್ಕರಷ್ಟು. ಶಬ್ದದ ಎರಡು ಪಟ್ಟು ವೇಗದ ಕಾಂಕಾರ್ಡ್ ವಿಮಾನದ ಮೂಗು 127 ಡಿಗ್ರಿ ಮುಟ್ಟುತ್ತಿತ್ತು, ನೀರು ಕುದಿಯುವುದಕ್ಕಿಂತ ತುಸು ಹೆಚ್ಚು. ಮೂರು ಪಟ್ಟಿಗೆ ಲೆಕ್ಕ 350 ಡಿಗ್ರಿ ದಾಟುತ್ತದೆ. ಆರು ಪಟ್ಟಿಗೆ 1,500ರ ಮೇಲೆ, ಅಂದರೆ ಕಬ್ಬಿಣ ಕರಗುವ ಆಸುಪಾಸು. ಇದು ಬರೀ ಗಾಳಿಯ ಬಿಸಿ, ಇನ್ನೂ ಕಡ್ಡಿ ಗೀರಿಯೇ ಇಲ್ಲ. ಈ ಗಾಳಿಯೊಳಗೆ ಇಂಧನ ಉರಿದರೆ ಎರಡು ಸಾವಿರ ಡಿಗ್ರಿಯೂ ಹಿಂದೆ ಬೀಳುತ್ತದೆ.

ಮಾಮೂಲಿ ಜೆಟ್ ಎಂಜಿನ್ನಿನಲ್ಲೂ ಬೆಂಕಿ ಲೋಹದ ಕರಗುವ ಬಿಸಿಗಿಂತ ಮೇಲೆಯೇ ಇರುತ್ತದೆ. ಅಲ್ಲಿ ಕಂಪ್ರೆಸರಿನಿಂದ ಒಂದಿಷ್ಟು ಗಾಳಿ ಕದ್ದು ಟರ್ಬೈನ್ ಅಲಗುಗಳ ಒಳಗೆ ಹರಿಸಿ ಕಾಪಾಡುತ್ತಾರೆ. ಇಲ್ಲಿ ಆ ದಾರಿ ಮುಚ್ಚಿದೆ. ಹೊರಗಿನ ಗಾಳಿಯೇ ಕುಲುಮೆಯಾಗಿರುವಾಗ ಅದರಿಂದ ಯಾವ ತಂಪು? ನೀರು ಒಯ್ಯಬಹುದು. 2004ರ ನವೆಂಬರಿನಲ್ಲಿ ಶಬ್ದದ 9.6 ಪಟ್ಟು ವೇಗ ಮುಟ್ಟಿದ ನಾಸಾದ ಎಕ್ಸ್-43ಎಯಲ್ಲಿ ಎಂಜಿನ್ನಿನ ಚೂಪು ಅಂಚುಗಳಿಗೆ ನೀರು ಹರಿಸಿದ್ದರು, ಉಳಿದ ಭಾಗಕ್ಕೆ ದಪ್ಪ ತಾಮ್ರ. ತಾಮ್ರ ಬಿಸಿ ಹೀರುತ್ತ ಹೋಗಿ ತುಂಬಿಕೊಳ್ಳುವುದರೊಳಗೆ ಪರೀಕ್ಷೆ ಮುಗಿಯಬೇಕು. ಮುಗಿಯಿತು, ಸುಮಾರು ಹತ್ತು ಸೆಕೆಂಡಿನಲ್ಲಿ. ನಮ್ಮ ಐದು ಸೆಕೆಂಡಿಗೂ ಲೋಹದ ದಪ್ಪವೇ ಸಾಕು. ಗಂಟೆಗಟ್ಟಲೆ ಹಾರಬೇಕೆನ್ನುವವರಿಗೆ ಅದು ನಡೆಯದು, ಬೇಕಾಗುವ ನೀರನ್ನು ಹೊತ್ತರೆ ವಿಮಾನ ಏಳುವುದೇ ಇಲ್ಲ.

ಹಾಗಾದರೆ ವಿಮಾನದಲ್ಲಿ ತಣ್ಣಗಿರುವ, ಹೇಗೂ ಹೊರಲೇಬೇಕಾದ, ಟನ್ನುಗಟ್ಟಲೆ ಇರುವ ದ್ರವ ಯಾವುದು? ಇಂಧನ ಒಂದೇ. ಬೆಂಕಿಗೆ ತುಪ್ಪ ಸುರಿಯಬಾರದು ಎಂದು ಕಲಿತು ಬೆಳೆದವರಿಗೆ ಇದು ತಲೆಕೆಳಗಿನ ಮಾತು. ಆದರೆ ಇಂಧನ ಉರಿಯಲು ಆಮ್ಲಜನಕ ಬೇಕು. ಗೋಡೆಯ ಒಳಗಿನ ಮುಚ್ಚಿದ ಸಣ್ಣ ಕಾಲುವೆಗಳಲ್ಲಿ ಹರಿಯುವಾಗ ಅದಕ್ಕೆ ಗಾಳಿಯ ಸಂಪರ್ಕವೇ ಇಲ್ಲ. ಗೋಡೆಯ ಬಿಸಿ ಹೀರಿಕೊಂಡು, ಕಾದು, ಕಡೆಗೆ ದಹನಕೋಣೆಗೆ ಚಿಮ್ಮುತ್ತದೆ. ಹೀರಿದ ಬಿಸಿಯೂ ಪೋಲಾಗುವುದಿಲ್ಲ, ಇಂಧನದ ಜೊತೆಗೇ ಬೆಂಕಿಗೆ ಮರಳುತ್ತದೆ.

ಉಪಾಯ ಹಳೆಯದು. ರಷ್ಯಾದ ತ್ಸಿಯೋಲ್ಕೊವ್‌ಸ್ಕಿ 1903ರಲ್ಲೇ ರಾಕೆಟ್ಟಿನ ಗೋಡೆಯನ್ನು ಅದರದ್ದೇ ದ್ರವಗಳಿಂದ ತಣಿಸುವ ಮಾತಾಡಿದ್ದ. ಎರಡನೇ ಮಹಾಯುದ್ಧದ ಜರ್ಮನ್ ವಿ-2 ರಾಕೆಟ್ಟಿನಲ್ಲಿ ನೀರು ಬೆರೆಸಿದ ಆಲ್ಕೋಹಾಲ್ ಎಂಜಿನ್ನಿನ ಎರಡು ಪದರ ಗೋಡೆಯ ನಡುವೆ ಸುತ್ತಿ ಬಂದು ಉರಿಯುತ್ತಿತ್ತು. ನಮ್ಮಲ್ಲೂ ಅದು ದಿನನಿತ್ಯದ ವಿದ್ಯೆಯಾಗಿದೆ. ಚಂದ್ರಯಾನ-3ನ್ನು ಒಯ್ದ ರಾಕೆಟ್ಟಿನ ಮೇಲ್ತುದಿಯ ಸಿಇ-20 ಕ್ರಯೋಜೆನಿಕ್ ಎಂಜಿನ್ ತನ್ನದೇ ದ್ರವ ಜಲಜನಕದಿಂದ ಗೋಡೆ ತಣಿಸಿಕೊಳ್ಳುತ್ತದೆ; 2017ರ ಜೂನ್ 5ರ ಮೊದಲ ಹಾರಾಟದಲ್ಲೇ ಸುಮಾರು 640 ಸೆಕೆಂಡು ಉರಿಯಿತು. ಇಂಥ ಎಂಜಿನ್‌ಗಳನ್ನು ಒಂದೇ ಸೂರಿನಡಿ ತಯಾರಿಸುವ ಎಚ್‌ಎಎಲ್ ಘಟಕ 2022ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ರಾಷ್ಟ್ರಪತಿಗಳಿಂದ ಉದ್ಘಾಟನೆಯಾಯಿತು.

ವಿಮಾನಗಳಿಗೂ ಇದು ಹೊಸದಲ್ಲ. ನಾವು ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ಹತ್ತುವ ಸಾಮಾನ್ಯ ವಿಮಾನದಲ್ಲೂ ಎಂಜಿನ್ನಿನ ಕಾದ ಆಯಿಲ್ಲನ್ನು ತಣ್ಣನೆಯ ಇಂಧನದ ಪಕ್ಕ ಹರಿಸಿ ತಣಿಸುತ್ತಾರೆ. ಇಂಧನಕ್ಕೆ ಬಿಸಿ, ಆಯಿಲ್ಲಿಗೆ ತಂಪು, ಇಬ್ಬರಿಗೂ ಲಾಭ. ಒಮ್ಮೆ ಮಾತ್ರ ಈ ಜೋಡಣೆಯೇ ಕೈಕೊಟ್ಟಿತು. 2008ರ ಜನವರಿ 17ರಂದು ಬೀಜಿಂಗಿನಿಂದ ಲಂಡನ್ನಿಗೆ ಬಂದ ಬೋಯಿಂಗ್ 777 ಹೀಥ್ರೋ ರನ್‌ವೇಗೆ ಸ್ವಲ್ಪ ಮೊದಲೇ ನೆಲಕ್ಕೆ ಬಿತ್ತು. ದೀರ್ಘ ಚಳಿಯ ಹಾದಿಯಲ್ಲಿ ಇಂಧನದೊಳಗಿನ ನೀರಿನಂಶ ಹೆಪ್ಪುಗಟ್ಟಿ, ಆ ಮಂಜಿನ ಹರಳುಗಳು ಒಮ್ಮೆಗೇ ಬಂದು ಇದೇ ಬಿಸಿ ಬದಲಾಯಿಸುವ ಕೊಳವೆಗಳ ಬಾಯಿ ಮುಚ್ಚಿದ್ದವು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಸಣ್ಣ ಕಾಲುವೆಗಳಲ್ಲಿ ದ್ರವ ಹರಿಸುವವರಿಗೆ ಅಡಚಣೆಯ ಭಯ ಎಂದೂ ತಪ್ಪಿದ್ದಲ್ಲ. ಅದು ಮಂಜಿನದ್ದಿರಬಹುದು, ಮುಂದೆ ನೋಡುವ ಹಾಗೆ ಕರಿಯದ್ದೂ ಇರಬಹುದು.

ಇಂಧನವನ್ನೇ ತಂಪಿನ ಭಂಡಾರ ಮಾಡಿಕೊಂಡ ವಿಮಾನಗಳಲ್ಲಿ ಹೆಸರಾದದ್ದು ಅಮೆರಿಕದ ಬೇಹುಗಾರ ಎಸ್‌ಆರ್-71. ಶಬ್ದದ ಮೂರು ಪಟ್ಟು ಮೀರಿದ ವೇಗ. ಅದಕ್ಕೆಂದೇ ಜೆಪಿ-7 ಎಂಬ ಇಂಧನ ತಯಾರಿಸಿದರು. ಸುಲಭಕ್ಕೆ ಕಿಡಿ ಹತ್ತದ, ಬಿಸಿಗೆ ಬೇಗ ಕೆಡದ ಸೀಮೆಎಣ್ಣೆ ಅದು. ಎಷ್ಟು ಹಠಮಾರಿಯೆಂದರೆ ಎಂಜಿನ್ ಹೊತ್ತಿಸಲು ಗಾಳಿ ಸೋಕಿದರೆ ಉರಿಯುವ ಬೇರೊಂದು ರಾಸಾಯನಿಕವನ್ನು ಚಿಮ್ಮಿಸಬೇಕಿತ್ತು. ಪೈಲಟ್ಟಿನ ಕೋಣೆ, ಹೈಡ್ರಾಲಿಕ್ ಎಣ್ಣೆ, ಉಪಕರಣಗಳು ಎಲ್ಲದರ ಬಿಸಿಯನ್ನೂ ಹೊತ್ತು ಸುಮಾರು 300 ಡಿಗ್ರಿಗೆ ಕಾದು ಅದು ಉರಿಯಲು ಹೋಗುತ್ತಿತ್ತು. ನೆಲದ ಮೇಲೆ ನಿಂತಾಗ ಟ್ಯಾಂಕುಗಳಿಂದ ತೊಟ್ಟಿಕ್ಕುತ್ತಿತ್ತು ಎನ್ನುವುದು ಎಲ್ಲರೂ ಹೇಳುವ ಕಥೆ, ನಿಜವೂ ಹೌದು. ಹಾರುವಾಗ ಬಿಸಿಗೆ ಹಿಗ್ಗುವ ಮೈಗೆಂದು ಬಿಟ್ಟ ಸಂದುಗಳು ನೆಲದಲ್ಲಿ ಪೂರ್ತಿ ಮುಚ್ಚುತ್ತಿರಲಿಲ್ಲ.

ಮೂರು ಪಟ್ಟಿನಿಂದ ಆರು ಪಟ್ಟಿಗೆ ಜಿಗಿದಾಗ ಮಾತ್ರ ಇಂಧನ ಬರೀ ಕಾಯುವುದು ಸಾಲದು.

ತಂಪಿನ ವಿಷಯದಲ್ಲಿ ಜಲಜನಕಕ್ಕೆ ಸಾಟಿಯಿಲ್ಲ. ಸೊನ್ನೆಗಿಂತ 253 ಡಿಗ್ರಿ ಕೆಳಗೆ ದ್ರವವಾಗಿರುತ್ತದೆ, ಒಂದು ಕಿಲೋ ಜಲಜನಕವನ್ನು ಒಂದು ಡಿಗ್ರಿ ಕಾಯಿಸಲು ನೀರಿಗೆ ಬೇಕಾದ ಮೂರು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ರಷ್ಯನ್ನರು 1991ರ ನವೆಂಬರ್ 28ರಂದು ಕಜಾಕಿಸ್ತಾನದಲ್ಲಿ ಜಗತ್ತಿನ ಮೊದಲ ಸ್ಕ್ರ್ಯಾಮ್‌ಜೆಟ್ ಹಾರಿಸಿದ್ದು ಇದನ್ನೇ ಕುಡಿಸಿ, ಇದರಿಂದಲೇ ತಣಿಸಿ. 1998ರಲ್ಲಿ ನಾಸಾ ಜೊತೆ ಸೇರಿ ಹಾರಿಸಿದಾಗ ಎಪ್ಪತ್ತೇಳು ಸೆಕೆಂಡು ನಡೆಯಿತು. ಆದರೆ ಒಂದು ಘನ ಮೀಟರ್ ದ್ರವ ಜಲಜನಕ ತೂಗುವುದು 71 ಕಿಲೋ, ಅಷ್ಟೇ ಜಾಗದ ಸೀಮೆಎಣ್ಣೆ 800 ಕಿಲೋ. ಚಾಕುವಿನಂತೆ ತೆಳ್ಳಗಿರಬೇಕಾದ ವಿಮಾನದ ಹೊಟ್ಟೆಯನ್ನು ಅಷ್ಟು ದೊಡ್ಡದು ಮಾಡಿದರೆ ಗಾಳಿಯ ಎಳೆತ ಎಲ್ಲವನ್ನೂ ನುಂಗುತ್ತದೆ. ಅದೂ ಅಲ್ಲದೆ, ದ್ರವ ಜಲಜನಕ ತುಂಬಿಟ್ಟು ವಾರಗಟ್ಟಲೆ ಕಾಯಲು ಯಾವ ಸೈನ್ಯದಿಂದಲೂ ಆಗದು. ಹಾಗಾಗಿ ಎಲ್ಲರೂ ತಿರುಗಿ ಸೀಮೆಎಣ್ಣೆಯ ಬಳಿಗೇ ಬಂದರು.

ಸೀಮೆಎಣ್ಣೆಯನ್ನು 500 ಡಿಗ್ರಿಯವರೆಗೆ ಕಾಯಿಸಿದರೆ ಕಿಲೋಗೆ ಸುಮಾರು ಒಂದೂಕಾಲು ಮೆಗಾಜೂಲಿನಷ್ಟು ಬಿಸಿ ಹೀರುತ್ತದೆ. ಆರು ಪಟ್ಟಿನ ಎಂಜಿನ್ನಿಗೆ ಅದು ಕೊರತೆ. ಇಲ್ಲಿ ರಸಾಯನ ವಿಜ್ಞಾನ ನೆರವಿಗೆ ಬಂತು. ಒಂದು ಮಿತಿ ದಾಟಿ ಕಾಯಿಸಿದರೆ ಇಂಧನದ ಉದ್ದನೆಯ ಅಣುಗಳು ಮುರಿಯತೊಡಗುತ್ತವೆ. ಬಂಧ ಮುರಿಯಲು ಶಕ್ತಿ ಬೇಕು, ಆ ಶಕ್ತಿ ಗೋಡೆಯ ಬಿಸಿಯಿಂದಲೇ ಸಿಗುತ್ತದೆ. ಕಾಲುವೆಯೇ ಒಂದು ಪುಟ್ಟ ಪೆಟ್ರೋಲಿಯಂ ಸಂಸ್ಕರಣಾಗಾರವಾಗುತ್ತದೆ. ಇಂಥವನ್ನು ಉಷ್ಣಗ್ರಾಹಿ ಇಂಧನ ಎನ್ನುತ್ತಾರೆ. ಒಂದು ಉದಾಹರಣೆ ಮೀಥೈಲ್ ಸೈಕ್ಲೋಹೆಕ್ಸೇನ್. ಪ್ಲಾಟಿನಂ ಮುಂತಾದ ವೇಗವರ್ಧಕದ ಮೇಲೆ ಕಾದ ಅದು ಟಾಲ್ವೀನ್ ಮತ್ತು ಜಲಜನಕವಾಗಿ ಒಡೆಯುವಾಗ ಕಿಲೋಗೆ ಎರಡು ಮೆಗಾಜೂಲಿಗೂ ಹೆಚ್ಚು ಬಿಸಿಯನ್ನು ಹೀರಿಕೊಳ್ಳುತ್ತದೆ. ಮೊದಲು ಕಾಯಲು ಹೀರಿದ್ದನ್ನೂ ಕೂಡಿಸಿದರೆ, ಒಂದು ಕಿಲೋ ನೀರು ಕಾದು ಆವಿಯಾಗಲು ಹೀರುವುದನ್ನೂ ಮೀರುತ್ತದೆ. ಸೀಮೆಎಣ್ಣೆ ಜಾತಿಯ ಎಣ್ಣೆ ನೀರಿಗಿಂತ ಹೆಚ್ಚು ತಂಪೆರೆಯುತ್ತದೆಂಬುದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಸೋಜಿಗದ್ದು.

ಲಾಭ ಇನ್ನೊಂದಿದೆ. ಮುರಿದು ಬಂದ ಜಲಜನಕ, ಮೀಥೇನ್, ಎಥಿಲೀನ್‌ನಂಥ ಹಗುರ ಅನಿಲಗಳು ದಹನಕೋಣೆಯಲ್ಲಿ ದ್ರವದ ಹನಿಗಿಂತ ಬಹಳ ಬೇಗ ಬೆರೆಯುತ್ತವೆ. ಜಲಜನಕ, ಎಥಿಲೀನ್‌ಗಳಂತೂ ಥಟ್ಟನೆ ಹೊತ್ತುತ್ತವೆ. ಒಂದು ಮಿಲಿಸೆಕೆಂಡೂ ಬಿಡುವಿಲ್ಲದ ಕಡೆ ಇದು ಸಣ್ಣ ಮಾತಲ್ಲ.

ಇಷ್ಟು ಚೆಂದದ ಉಪಾಯಕ್ಕೆ ಒಂದು ಶತ್ರುವಿದೆ, ಕರಿ. ಇಂಧನದಲ್ಲಿ ಕರಗಿದ ಚೂರು ಆಮ್ಲಜನಕದಿಂದಾಗಿ 150 ಡಿಗ್ರಿಯ ಆಸುಪಾಸಿನಲ್ಲೇ ಅಂಟು ಕಟ್ಟಲು ಶುರುವಾಗುತ್ತದೆ, ಇದನ್ನು ಮೊದಲೇ ಆಮ್ಲಜನಕ ತೆಗೆದು ತಡೆಯಬಹುದು. 450 ಡಿಗ್ರಿ ದಾಟಿದ ಮೇಲೆ ಬರುವುದು ಬೇರೆ ಕಥೆ: ಮುರಿಯುವ ಅಣುಗಳಲ್ಲೇ ಕೆಲವು ತಿರುಗಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಇಂಗಾಲವಾಗಿ ಗೋಡೆಗೆ ಕಚ್ಚುತ್ತವೆ. ಶಿರಸಿ ಸಮೀಪದ ಹೆಗಡೆಕಟ್ಟಾ ಕಡೆಯ ಆಲೆಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಪ್ಪರಿಗೆ ತುಂಬ ಕಬ್ಬಿನಹಾಲು ಇರುವಷ್ಟು ಹೊತ್ತು ಅಡಿಯಲ್ಲಿ ಎಷ್ಟು ಉರಿ ಹಾಕಿದರೂ ತಳಕ್ಕೆ ಅಪಾಯವಿಲ್ಲ, ಬಿಸಿಯನ್ನೆಲ್ಲ ಹಾಲು ಎಳೆದುಕೊಳ್ಳುತ್ತದೆ. ಹಾಲು ಪಾಕಕ್ಕೆ ಬರುವ ಹೊತ್ತಿಗೆ ಜೋನಿಬೆಲ್ಲ ಕಾಯಿಸುವವರ ಮೈಯೆಲ್ಲ ಕಣ್ಣಾಗುತ್ತದೆ. ಕೈ ನಿಲ್ಲಿಸಿದರೆ ಅಡಿ ಹಿಡಿಯಿತು. ಅಡಿ ಹಿಡಿದ ಕಡೆ ತಳದ ಬಿಸಿ ಹಾಲಿಗೆ ದಾಟುವುದಿಲ್ಲ, ದಾಟದ್ದಕ್ಕೆ ಅಲ್ಲಿ ತಳ ಇನ್ನೂ ಕಾಯುತ್ತದೆ, ಕಾದದ್ದಕ್ಕೆ ಇನ್ನಷ್ಟು ಸೀಯುತ್ತದೆ. ಆಲೆಮನೆಯಲ್ಲಿ ಕೆಡುವುದು ಒಂದು ಕೊಪ್ಪರಿಗೆ ಬೆಲ್ಲ. ಎಂಜಿನ್ನಿನ ಕಾಲುವೆಯೊಳಗೆ ಸಟ್ಟುಗ ಹಾಕಿ ತಿರುವಲು ಜಾಗವಿಲ್ಲ. ಅಗಲ ಒಂದೆರಡು ಮಿಲಿಮೀಟರು, ಗೋಡೆಯ ಆಚೆಗೆ ಎರಡು ಸಾವಿರ ಡಿಗ್ರಿ.

ಕಾಲುವೆಗಳು ಅಕ್ಕಪಕ್ಕದಲ್ಲಿ ಹತ್ತಾರು ಇರುವುದರಿಂದ ಇನ್ನೊಂದು ತೊಡಕು. ಒಂದರಲ್ಲಿ ಕರಿ ಕಟ್ಟಿ ದಾರಿ ಕಿರಿದಾದರೆ ಇಂಧನ ಸಲೀಸಾದ ಪಕ್ಕದ ಕಾಲುವೆಗಳಿಗೆ ಹರಿದುಹೋಗುತ್ತದೆ. ಹೆಚ್ಚು ತಂಪು ಬೇಕಾದ ಕಡೆಗೇ ಕಡಿಮೆ ಇಂಧನ. ಕುದಿತವನ್ನೂ ತಪ್ಪಿಸಬೇಕು, ಗೋಡೆಗೆ ಆವಿಯ ಪದರ ಕಟ್ಟಿಕೊಂಡರೆ ಅದೇ ಕಂಬಳಿಯಾಗಿ ತಂಪು ತಡೆಯುತ್ತದೆ. ಅದಕ್ಕೆ ಇಂಧನವನ್ನು ವಾತಾವರಣದ ಇಪ್ಪತ್ತೈದು ಮೂವತ್ತು ಪಟ್ಟು ಒತ್ತಡದಲ್ಲಿ ತಳ್ಳುತ್ತಾರೆ. ಆ ಒತ್ತಡದಲ್ಲಿ ಸೀಮೆಎಣ್ಣೆ ಕುದಿಯುವುದೇ ಇಲ್ಲ, ದ್ರವವೋ ಅನಿಲವೋ ಎಂದು ಹೇಳಲಾಗದ ಒಂದು ಸ್ಥಿತಿಗೆ ಜಾರುತ್ತದೆ. ಜಾರುವ ಹೊತ್ತಿನಲ್ಲಿ ಅದರ ಸಾಂದ್ರತೆ ಸರ್ರನೆ ಇಳಿಯುವುದರಿಂದ ಹರಿವು ಓಲಾಡುತ್ತದೆ. ಒಂದು ರೋಗಕ್ಕೆ ಮದ್ದು ಕೊಟ್ಟರೆ ಇನ್ನೊಂದು.

ಎಲ್ಲಕ್ಕಿಂತ ದೊಡ್ಡ ತಾಪತ್ರಯ ಬೇರೆ. ಒಂದೇ ದ್ರವಕ್ಕೆ ಇಬ್ಬರು ಯಜಮಾನರು. ನೂಕುಬಲಕ್ಕೆ ಎಷ್ಟು ಇಂಧನ ಬೇಕು ಎಂಬುದು ಒಂದು ಲೆಕ್ಕ, ಗೋಡೆ ಉಳಿಯಲು ಎಷ್ಟು ಬೇಕು ಎಂಬುದು ಇನ್ನೊಂದು. ವೇಗ ಏರಿದಂತೆ ಎರಡನೆಯದು ಮೊದಲನೆಯದನ್ನು ದಾಟುತ್ತದೆ. ಆಗ ತಂಪಿಗಾಗಿಯೇ ಹೆಚ್ಚು ಇಂಧನ ಹರಿಸಿ, ಉರಿಯದೆ ಉಳಿದದ್ದನ್ನು ಹಿಂದಕ್ಕೆ ಚೆಲ್ಲಬೇಕು. ಪೈಲಟ್ಟು ವೇಗ ತಗ್ಗಿಸಲೆಂದು ಇಂಧನ ಕಡಿಮೆ ಮಾಡಿದರೆ, ಗೋಡೆ ಇನ್ನೂ ಕೆಂಡದಂತಿರುವಾಗಲೇ ತಂಪೂ ಕಡಿಮೆಯಾಗುತ್ತದೆ. ಹೊತ್ತಿಸುವಾಗಿನ ಕಷ್ಟ ಇದಕ್ಕೆ ವಿರುದ್ಧ. ಗೋಡೆ ಕಾದಿಲ್ಲವಾದ್ದರಿಂದ ಇಂಧನ ಮುರಿಯುವುದಿಲ್ಲ, ಮುರಿಯದ ತಣ್ಣನೆಯ ಸೀಮೆಎಣ್ಣೆ ಆ ಬಿರುಗಾಳಿಯಲ್ಲಿ ಹೊತ್ತುವುದಿಲ್ಲ, ಹೊತ್ತದೆ ಗೋಡೆ ಕಾಯುವುದಿಲ್ಲ.

ಅಮೆರಿಕದ ಎಕ್ಸ್-51ಎ ಈ ಗಂಟನ್ನು ಎಥಿಲೀನ್ ಅನಿಲದಿಂದ ಬಿಡಿಸಿತು. ಮೊದಲು ಎಥಿಲೀನ್ ಹೊತ್ತಿಸುವುದು, ಅದರ ಉರಿಗೆ ಗೋಡೆ ಕಾಯುವುದು, ಕಾದ ಗೋಡೆ ಸುತ್ತಿ ಬಂದ ಜೆಪಿ-7ಗೆ ನಿಧಾನವಾಗಿ ಬೆಂಕಿ ಒಪ್ಪಿಸುವುದು. 2011ರ ಜೂನಿನಲ್ಲಿ ಈ ಒಪ್ಪಿಸುವ ಗಳಿಗೆಯಲ್ಲೇ ಎಂಜಿನ್ ಉಸಿರುಗಟ್ಟಿ ಹಾರಾಟ ಮುಗಿದುಹೋಯಿತು. 2013ರ ಮೇ 1ರ ನಾಲ್ಕನೇ ಮತ್ತು ಕೊನೆಯ ಯತ್ನದಲ್ಲಿ ಶಬ್ದದ 5.1 ಪಟ್ಟು ವೇಗದಲ್ಲಿ 210 ಸೆಕೆಂಡು ಉರಿಯಿತು. ನಿಂತದ್ದು ಎಂಜಿನ್ ಸುಟ್ಟು ಅಲ್ಲ, ಟ್ಯಾಂಕು ಖಾಲಿಯಾಗಿ. ವೇಗದ ದಾಖಲೆಯಲ್ಲಿ ಎಕ್ಸ್-43ಎಗೆ ಇದು ಎಷ್ಟೋ ಹಿಂದೆ. ಇದರ ಗೆಲುವು ಅದಕ್ಕಿಂತ ದೊಡ್ಡದೆಂದು ನಾನು ಹೇಳುತ್ತೇನೆ.

ಭಾರತದ ದಾರಿಯನ್ನೂ ಸೆಕೆಂಡಿನಲ್ಲೇ ಅಳೆಯೋಣ. 2020ರ ಸೆಪ್ಟೆಂಬರ್ 7ರಂದು ಡಿಆರ್‌ಡಿಒದ ಎಚ್‌ಎಸ್‌ಟಿಡಿವಿ ವಾಹನ ಒಡಿಶಾ ತೀರದ ಅಬ್ದುಲ್ ಕಲಾಂ ದ್ವೀಪದಿಂದ ಹೊರಟು 30 ಕಿಲೋಮೀಟರ್ ಎತ್ತರದಲ್ಲಿ ರಾಕೆಟ್ಟಿನಿಂದ ಬೇರ್ಪಟ್ಟು, ಸೆಕೆಂಡಿಗೆ ಹತ್ತಿರಹತ್ತಿರ ಎರಡು ಕಿಲೋಮೀಟರ್ ವೇಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೆಕೆಂಡು ತನ್ನ ಎಂಜಿನ್ನಿನಲ್ಲಿ ಓಡಿತು. ಅಂದರೆ ಸುಮಾರು ನಲವತ್ತು ಕಿಲೋಮೀಟರು, ಶಿರಸಿಯಿಂದ ಸಿದ್ದಾಪುರ ಮುಟ್ಟಿದಷ್ಟು. 2025ರ ಜನವರಿಯಲ್ಲಿ ಹೈದರಾಬಾದಿನ ಡಿಆರ್‌ಡಿಎಲ್ ಪ್ರಯೋಗಾಲಯ ಇಂಧನದಿಂದ ತಣಿಸಿಕೊಳ್ಳುವ ದಹನಕೋಣೆಯನ್ನು ನೆಲದ ಮೇಲೆ 120 ಸೆಕೆಂಡು ಉರಿಸಿತು, ದೇಶದಲ್ಲಿ ಮೊದಲ ಸಲ. ದೇಶದಲ್ಲೇ ತಯಾರಿಸಿದ ಉಷ್ಣಗ್ರಾಹಿ ಇಂಧನ, ಒಳಗೋಡೆಗೆ ಬಿಸಿ ತಡೆಯುವ ಸೆರಾಮಿಕ್ ಲೇಪ. ಏಪ್ರಿಲ್ 25ಕ್ಕೆ ಅದರ ಕಿರು ಮಾದರಿಯೊಂದು ಸಾವಿರ ಸೆಕೆಂಡು ದಾಟಿತು. ಅಷ್ಟು ಹೊತ್ತು ನಿಜವಾಗಿ ಹಾರಿದ್ದರೆ ಶಿರಸಿಯಿಂದ ಹೊರಟು ದಿಲ್ಲಿಯನ್ನೂ ದಾಟಿ ಹೋಗಬಹುದಿತ್ತು. ಐದರಿಂದ ಸಾವಿರಕ್ಕೆ ಒಂಬತ್ತು ವರ್ಷ. ವೇಗ ಮಾತ್ರ ಆಗಲೂ ಈಗಲೂ ಅದೇ ಆಸುಪಾಸು.

ಸಾವಿರ ಸೆಕೆಂಡಿನ ಈ ಕಥೆಗೆ ಒಂದು ಮಿಲಿಸೆಕೆಂಡಿನ ಪೀಠಿಕೆಯಿದೆ, ಅದು ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ 1950ರ ದಶಕದಲ್ಲಿ ದೇಶದ ಮೊದಲ ಸೂಪರ್‌ಸಾನಿಕ್ ಗಾಳಿಸುರಂಗ ಕಟ್ಟಿದರು. ಎಪ್ಪತ್ತರ ದಶಕದಲ್ಲಿ ಅಲ್ಲೇ ಹೈಪರ್‌ಸಾನಿಕ್ ಶಾಕ್ ಟನೆಲ್ ಬಂತು. ಒತ್ತಡ ತುಂಬಿದ ಕೊಳವೆಯ ತೆಳು ಪರದೆ ಹರಿದೊಡನೆ ಆಘಾತದ ಅಲೆಯೊಂದು ಓಡಿ, ಅದರ ಹಿಂದಿನ ಬಿಸಿ ಗಾಳಿ ಮಾದರಿಯ ಮೇಲೆ ಹಾಯುತ್ತದೆ. ಪರೀಕ್ಷೆಯ ಅವಧಿ ಸುಮಾರು ಒಂದು ಮಿಲಿಸೆಕೆಂಡು. ಅಷ್ಟರಲ್ಲಿ ಮಾದರಿ ಬೆಚ್ಚಗೂ ಆಗುವುದಿಲ್ಲ. ಆದರೆ ಸೆರಾಮಿಕ್ ತುಣುಕಿನ ಮೇಲೆ ಬಳಿದ ಪ್ಲಾಟಿನಂ ಪೊರೆ ಆ ಗಳಿಗೆಯ ತಾಪವನ್ನು ಹಿಡಿದುಬಿಡುತ್ತದೆ, ಅದರಿಂದ ಮೇಲ್ಮೈಯ ಯಾವ ಚುಕ್ಕೆಗೆ ಎಷ್ಟು ಬಿಸಿ ನುಗ್ಗುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಕಾಲುವೆಯನ್ನು ಎಲ್ಲಿ ದಟ್ಟವಾಗಿ ಕೊರೆಯಬೇಕು, ಎಲ್ಲಿ ವಿರಳವಾದರೂ ಸಾಕು ಎನ್ನಲು ಇಂಥ ನಕಾಶೆ ಬೇಕು. ತಣಿಸುವುದಕ್ಕೆ ಮೊದಲು ಬಿಸಿ ಎಲ್ಲಿದೆಯೆಂದು ತಿಳಿಯಬೇಕಲ್ಲ.

ಇದೆಲ್ಲ ಓದಿದವರು ಶಿರಸಿಯಿಂದ ಬೆಂಗಳೂರಿಗೆ ಮೂರು ನಿಮಿಷದಲ್ಲಿ ಹೋಗುವುದು ಯಾವಾಗ ಎಂದು ಕೇಳುವುದುಂಟು. ನೇರ ಗೆರೆಯಲ್ಲಿ 350 ಕಿಲೋಮೀಟರ್, ಲೆಕ್ಕ ಸರಿಯಾಗಿಯೇ ಇದೆ. ಆದರೆ ರಾತ್ರಿ ಬಸ್ಸಿನ ಸೀಟು ಸದ್ಯಕ್ಕೆ ಬಿಡಬೇಡಿ. ಈ ವಿದ್ಯೆಗೆ ಈಗ ದುಡ್ಡು ಹಾಕುತ್ತಿರುವುದು ಕ್ಷಿಪಣಿ ಮಾಡುವವರು, ಅವರಿಗೆ ಎಂಜಿನ್ ಒಂದು ಸಲ ಉರಿದರೆ ಸಾಕು. ಕಾಲುವೆಯಲ್ಲಿ ಎಷ್ಟು ಕರಿ ಕಟ್ಟಿತು ಎಂದು ನೋಡಲು ಅದು ತಿರುಗಿ ಬರುವುದಿಲ್ಲ. ಪ್ರಯಾಣಿಕರ ಎಂಜಿನ್ ಸಾವಿರಾರು ಸಲ ಹೊತ್ತಬೇಕು. ಪ್ರತಿ ಸಲ ಇಳಿದ ಮೇಲೆ, ಕೂದಲೆಳೆಗಿಂತ ತೆಳುವಾದ ಕರಿ ಪದರ ಯಾವ ಕಾಲುವೆಯಲ್ಲಿ ಕುಳಿತಿದೆ ಎಂದು ಹುಡುಕಬೇಕು. ಎಣ್ಣೆ ಸಂಸ್ಕರಣಾಗಾರಗಳಲ್ಲಿ ಇಂಥ ಕೊಳವೆಗಳ ಕರಿಯನ್ನು ಹಬೆ ಮತ್ತು ಗಾಳಿ ಹಾಯಿಸಿ ಸುಟ್ಟು ತೆಗೆಯುತ್ತಾರೆ, ಘಟಕ ನಿಲ್ಲಿಸಿ, ದಿನಗಟ್ಟಲೆ. ಆ ಕೆಲಸವನ್ನು ವಿಮಾನ ನಿಲ್ದಾಣದಲ್ಲಿ, ಮುಂದಿನ ಹಾರಾಟದವರು ಸಾಲು ನಿಂತಿರುವಾಗ, ಒಂದೆರಡು ಮಿಲಿಮೀಟರ್ ಅಗಲದ ನೂರಾರು ಕಾಲುವೆಗಳಲ್ಲಿ ಮಾಡಿ ಮುಗಿಸುವ ವಿಧಾನವೂ ಈ ಎಂಜಿನ್ನಿನ ಜೊತೆಗೇ ಹುಟ್ಟಬೇಕಾಗಿದೆ.